ಅಮ್ಮಿಯ ಉದ್ದುದ್ದ ವಾಕ್ಯಗಳು

ನನ್ನ ಹತ್ತಿರ ಟ್ಯೂಷನ್‌ಗೆ ಮಕ್ಕಳನ್ನು ಕರೆತರುವ ತಾಯಂದಿರು ಮೊದಲ ದಿನ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ಅವರ ಹೊಟ್ಟೆಯೊಳಗಿನ ಪ್ರಶ್ನೆ ನನಗೆ ಗೊತ್ತು. ಕಿವಿ ಒಂಚೂರೂ ಕೇಳದ ಈ ಹೆಂಗಸು ಇಂಗ್ಲಿಷ್ ಹೇಗೆ ಕಲಿಸುತ್ತಾಳೆ? ಅದರಲ್ಲೂ ರಾಯಚೂರಿನ ಈ ಓಣಿಯಲ್ಲಿ ನಾನು ಹೆಸರು ಮಾಡಿರುವುದು ಒಂದೇ ಪಾಠಕ್ಕೆ. ಕಿವಿಗೆ ಒಂದೇ ಥರ ಕೇಳಿಸುವ, ಬರೆಯುವಾಗ ಮಾತ್ರ ಬೇರೆಯಾಗುವ ಇಂಗ್ಲಿಷ್ ಶಬ್ದಗಳನ್ನು ಗುರುತು ಹಿಡಿಯುವ ಪಾಠಕ್ಕೆ. ಪರೀಕ್ಷೆ ಹತ್ತಿರ ಬಂದರೆ ಸಾಕು, ಈ ಪಾಠಕ್ಕೆಂದೇ ಮಕ್ಕಳು ನನ್ನ ಮುಂದಿನ ಕೋಣೆಯಲ್ಲಿ ಒತ್ತಿಕೊಂಡು ಕೂರುತ್ತಾರೆ.

ವಾರಕ್ಕೂ ವೀಕ್ ಎನ್ನುತ್ತಾರೆ, ಜ್ವರದಿಂದ ಎದ್ದವನ ನಿತ್ರಾಣಕ್ಕೂ ವೀಕ್ ಎನ್ನುತ್ತಾರೆ. ಮಗನೂ ಸನ್, ಸೂರ್ಯನೂ ಸನ್. ಬಸ್ಸು ನಿಲ್ಲಿಸುವುದೂ ಬ್ರೇಕ್, ಬಳೆ ಒಡೆಯುವುದೂ ಬ್ರೇಕ್. ಕನ್ನಡ ಅಕ್ಷರದಲ್ಲಿ ಬರೆದರೆ ಅವುಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ, ನೀವೇ ನೋಡುತ್ತಿದ್ದೀರಲ್ಲ. 'ಕೇಳು' ಎಂಬ ಹಿಯರ್ ಮತ್ತು 'ಇಲ್ಲಿ' ಎಂಬ ಹಿಯರ್ ಇನ್ನೊಂದು ಜೋಡಿ. ಅದನ್ನು ಹಿಡಿದು ನನ್ನ ಮೇಲೆ ಚೇಷ್ಟೆ ಮಾಡದ ಹುಡುಗರಿಲ್ಲ. ನಗಲಿ ಬಿಡಿ, ನಕ್ಕ ಮೇಲಾದರೂ ಸರಿಯಾಗಿ ಬರೆಯುತ್ತಾರೆ.

ತಾಯಂದಿರಿಗೆ ನಾನು ಹೇಳುವುದು ಇಷ್ಟೇ. ಈ ಪಾಠದಲ್ಲಿ ಕಿವಿ ಇದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಬರೀ ಶಬ್ದವೊಂದನ್ನು ಕೊಟ್ಟರೆ ಯಾವ ಕಿವಿಗೂ ಗೊತ್ತಾಗುವುದಿಲ್ಲ. ಹಿಂದೆ ಮುಂದೆ ಏನಿದೆ ಎಂದು ನೋಡಬೇಕು, ವಾಕ್ಯ ನೋಡಬೇಕು. ನಾನು ಹುಡುಗಿಯಾಗಿದ್ದಾಗಿನಿಂದ ಮಾಡುತ್ತಿರುವುದು ಅದೊಂದೇ ಕೆಲಸ.

ನಾವು ದೇವದುರ್ಗದವರು. ಅಬ್ಬಾ ಬಳೆ ವ್ಯಾಪಾರಿ. ಊರಲ್ಲಿ ಒಂದು ಸಣ್ಣ ಅಂಗಡಿ, ಸಂತೆಯ ದಿನ ಬಳೆಯ ಪೆಟ್ಟಿಗೆ ಹೊತ್ತು ಗಬ್ಬೂರಿಗೋ ಮತ್ತೊಂದು ಊರಿಗೋ ಬಸ್ಸು ಹತ್ತುವುದು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತೆಲುಗು. ಮೂರನ್ನೂ ನಾನು ಅಮ್ಮಿಯ ಸೊಂಟದ ಮೇಲಿದ್ದಾಗಲೇ ಕಲಿತೆನಂತೆ. ಹಾಲು ಕೇಳುವುದಕ್ಕೆ ಒಂದು ಭಾಷೆ, ಹಟ ಮಾಡುವುದಕ್ಕೆ ಇನ್ನೊಂದು ಭಾಷೆ ಇತ್ತು ಇವಳಿಗೆ ಎಂದು ಅಮ್ಮಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಪ್ರೈಮರಿ ಶಾಲೆಯಲ್ಲಿದ್ದಾಗ ನನಗೊಂದು ದೊಡ್ಡ ಜ್ವರ ಬಂದು ಹೋಯಿತು. ಅದರ ಹಿಂದೆಯೇ ಕಿವಿ ಸ್ವಲ್ಪಸ್ವಲ್ಪವಾಗಿ ಇಳಿಯತೊಡಗಿತು. ಒಮ್ಮೆಲೇ ಹೋಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ವರ್ಷಗಳ ಕಾಲ ನಿಧಾನವಾಗಿ ಹೋಯಿತು, ಹಾಗಾಗಿ ನನಗೇ ತಿಳಿಯಲಿಲ್ಲ. ಈಗೀಗ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದಾರೆ ಎಂದುಕೊಂಡೆ. ಎದುರಿಗಿದ್ದವರ ಬಾಯಿ ನೋಡುತ್ತ ಅರ್ಧ ಕೇಳಿ, ಅರ್ಧ ಊಹಿಸಿ ದಿನ ದೂಡಿದೆ.

ಇಲ್ಲೇ ನಮ್ಮವರು ಎಡವಿದ್ದು. ಇಂಥ ತಪ್ಪು ನಮ್ಮ ಸೀಮೆಯಲ್ಲಿ ಮಾತ್ರ ಆಗುವಂಥದ್ದು. ಕನ್ನಡ ಶಾಲೆಯ ಮೇಡಂ ಅಬ್ಬಾನನ್ನು ಕರೆಸಿ ಹೇಳಿದರು, "ಮನ್ಯಾಗ ಉರ್ದು ಮಾತಾಡ್ತೀರಿ, ಹುಡುಗಿಗಿ ಕನ್ನಡ ತಿಳಿಯವಲ್ದು. ಒಂದು ಕೇಳಿದ್ರ ಇನ್ನೊಂದು ಹೇಳ್ತಾಳ. ಸುಮ್ನ ಉರ್ದು ಶಾಲಿಗಿ ಹಾಕ್ರಿ." ಇತ್ತ ಮಾನ್ವಿಯಲ್ಲಿದ್ದ ಖಾಲಾ, ಅಂದರೆ ಅಮ್ಮಿಯ ಅಕ್ಕ, ಮನೆಗೆ ಬಂದಾಗಲೆಲ್ಲ ಗೊಣಗುತ್ತಿದ್ದಳು, "ಕನ್ನಡ ಶಾಲಿಗಿ ಹಾಕಿ ಹುಡುಗಿನ್ನ ಕೆಡಿಸೀರಿ. ಈಗ ನೋಡು, ನಮ್ಮ ಮಾತೇ ಅದಕ್ಕ ತಿಳಿಯಂಗಿಲ್ಲ."

ಶಾಲೆಯವರು ಮನೆಯ ಭಾಷೆಗೆ ಬೈದರು, ಮನೆಯವರು ಶಾಲೆಯ ಭಾಷೆಗೆ ಬೈದರು. ಕೊನೆಗೆ ನನ್ನನ್ನು ಖಾಲಾಳ ಜೊತೆ ಮಾನ್ವಿಗೆ ಕಳಿಸಿ ಉರ್ದು ಶಾಲೆಗೆ ಹಾಕಿದರು. ಅಲ್ಲಿ ಪಾಠ ಮಾಡುವ ಉಸ್ತಾನಿ ನನ್ನ ಉತ್ತರ ಕೇಳಿ ತಲೆ ಚಚ್ಚಿಕೊಂಡು, ಕನ್ನಡ ಶಾಲೆಯಿಂದ ಬಂದ ಹುಡುಗಿ, ಇದಕ್ಕೆ ಟೈಮ್ ಬೇಕು ಎಂದರು. ಟೈಮ್ ಕೊಟ್ಟರು. ಆ ಟೈಮಿನಲ್ಲಿ ಕಿವಿ ಇನ್ನಷ್ಟು ಇಳಿಯಿತು. ಮತ್ತೆ ದೇವದುರ್ಗಕ್ಕೆ, ಮತ್ತೆ ಕನ್ನಡ ಶಾಲೆಗೆ. ಊರು ಬದಲಾಯಿತು, ಭಾಷೆ ಬದಲಾಯಿತು, ಯೂನಿಫಾರ್ಮಿನ ಬಣ್ಣ ಬದಲಾಯಿತು, ನನ್ನ ಕಿವಿಯೊಳಗೆ ಮಾತ್ರ ಒಬ್ಬ ಮಹಾನುಭಾವರೂ ಇಣುಕಿ ನೋಡಲಿಲ್ಲ. ಒಂದೇ ಭಾಷೆ ಆಡುವ ಊರಲ್ಲಿ ಹುಟ್ಟಿದ್ದರೆ ಯಾರಾದರೂ ಆರು ತಿಂಗಳಲ್ಲಿ ಕಂಡುಹಿಡಿಯುತ್ತಿದ್ದರು. ಇದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಉರಿಯಬೇಕೋ ಗೊತ್ತಾಗದೆ ಇನ್ನಷ್ಟು ಉರಿಯುತ್ತದೆ.

ಆ ವರ್ಷಗಳಲ್ಲಿ ನಾನು ಕಲಿತ ಒಂದು ವಿದ್ಯೆ ತಲೆ ಆಡಿಸುವುದು. ಯಾರು ಏನು ಹೇಳಿದರೂ ಹುಬ್ಬು ಸ್ವಲ್ಪ ಮೇಲೆತ್ತಿ, ತುಟಿಯಲ್ಲಿ ನಗು ತಂದುಕೊಂಡು, ಹೌದು ಹೌದು ಎಂದು ತಲೆ ಆಡಿಸುವುದು. ಎಂಥ ಒಳ್ಳೆಯ ಹುಡುಗಿ, ಎದುರುತ್ತರ ಇಲ್ಲ ಎಂದು ಬಂಧುಗಳು ಹೊಗಳುತ್ತಿದ್ದರು. ಏನು ಹೇಳಿದರೆಂದೇ ಗೊತ್ತಿಲ್ಲದವಳು ಎದುರುತ್ತರ ಎಲ್ಲಿಂದ ತರಬೇಕು?

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಲು ಗಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಸರ್ ಒಬ್ಬರಿದ್ದರು. ಎತ್ತರದ ಮನುಷ್ಯ, ಬಾಯಿ ತುಂಬ ಮಾತು, ದೊಡ್ಡ ದೊಡ್ಡದಾಗಿ ತುಟಿ ಆಡಿಸಿ ಮಾತಾಡುವವರು. ನನಗೆ ಅವರು ದೇವರು ಕೊಟ್ಟ ವರ. ಒಂದೇ ಥರ ಕೇಳಿಸುವ ಶಬ್ದಗಳ ಪಾಠವನ್ನು ಅವರು ವಾರಗಟ್ಟಲೆ ಮಾಡಿದರು. ಒಂದು ವಾಕ್ಯವನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳುವುದು, ಅದರಲ್ಲಿ ಬರುವ ಇಂಗ್ಲಿಷ್ ಶಬ್ದದ ಸ್ಪೆಲ್ಲಿಂಗನ್ನು ನಾವು ಬರೆಯುವುದು. "ಕಲ್ಮಲದ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ, ಬರೀರಿ. ಸಂತ್ಯಾಗ ನೂಕಾಟಕ್ಕ ಮುದುಕಿ ಕೈಯಾಗಿನ ಬಳಿ ಬ್ರೇಕ್ ಆದ್ವು, ಬರೀರಿ." ಇಡೀ ಕ್ಲಾಸು ಪಕ್ಕದವರ ಪುಸ್ತಕ ಇಣುಕುತ್ತಿತ್ತು. ಅವರೆಲ್ಲ ಕಿವಿಯನ್ನು ನಂಬಿ ಕೂತವರು, ಆ ಶಬ್ದಕ್ಕೆ ಬಂದಾಗ ಅವರ ಕಿವಿ ಕೈ ಕೊಡುತ್ತಿತ್ತು. ನನಗೆ ಎಲ್ಲ ಶಬ್ದಗಳೂ ಹಾಗೆಯೇ. ಬಸ್ಸು, ಡ್ರೈವರ್, ಸಂತೆ, ಮುದುಕಿ ಎಂದು ಸುತ್ತಲಿನದನ್ನು ಅವರ ತುಟಿಯ ಮೇಲೆ ನೋಡಿಕೊಂಡು ಸರಿಯಾದದ್ದನ್ನು ಬರೆಯುತ್ತಿದ್ದೆ. ಕ್ಲಾಸಿಗೇ ನಾನು ಮೊದಲು. ಬಳೆಗಾರರ ಹುಡುಗಿ ಇಂಗ್ಲಿಷಿನಲ್ಲಿ ಮೊದಲು ಎಂದು ಊರೆಲ್ಲ ಸುದ್ದಿಯಾಗಿ ಅಬ್ಬಾ ಶಾಲೆಯ ಮಕ್ಕಳಿಗೆಲ್ಲ ಪೇಪರಮೆಂಟು ಹಂಚಿಬಿಟ್ಟರು.

ಒಂದು ದಿನ ಸರ್ ಬೋರ್ಡಿನ ಮೇಲೆ ಏನೋ ಬರೆಯುತ್ತ, ತಿರುಗದೆಯೇ ವಾಕ್ಯಗಳನ್ನು ಹೇಳಿದರಂತೆ. ಎಲ್ಲರೂ ಬರೆದರು. ನಾನು ಕೈ ಕಟ್ಟಿ ಕೂತಿದ್ದೆ. ನನ್ನ ಖಾಲಿ ಪುಸ್ತಕ ನೋಡಿದ ಸರ್ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಮರುದಿನ ನನ್ನ ಬೆಂಚಿನ ಹಿಂದೆ ಹೋಗಿ ನಿಂತು ನನ್ನ ಹೆಸರು ಹಿಡಿದು ಕೂಗಿದರಂತೆ. ಕ್ಲಾಸೆಲ್ಲ ತಿರುಗಿ ನೋಡಿತು, ನಾನೊಬ್ಬಳು ಮುಂದೆ ನೋಡುತ್ತ ಕೂತಿದ್ದೆ. ಗೆಳತಿ ಮೊಣಕೈಯಿಂದ ತಿವಿದಾಗ ತಿರುಗಿದೆ. ಸರ್ ಕಣ್ಣಲ್ಲಿ ನೀರು ನೋಡಿ ನನಗೆ ಗಾಬರಿಯಾಗಿತ್ತು, ಏನು ತಪ್ಪು ಮಾಡಿದೆನೋ ಎಂದು.

ಆ ಸಂಜೆ ಅವರು ಗಬ್ಬೂರಿನ ಬಸ್ಸು ಬಿಟ್ಟು ನಮ್ಮ ಮನೆಗೆ ಬಂದರು. "ಹುಡುಗಿದು ಭಾಷಿ ತೊಂದ್ರಿ ಅಲ್ಲರೀ. ಕಿವಿ ತೊಂದ್ರಿ. ನಾಳಿನೇ ರಾಯಚೂರಿಗಿ ಕರ್ಕೊಂಡು ಹೋಗ್ರಿ" ಎಂದು ಅಬ್ಬಾಗೆ ಹೇಳಿದರು. ಅಬ್ಬಾ ಮೊದಲು ನಂಬಲಿಲ್ಲ. ಇಂಗ್ಲಿಷಿನಲ್ಲಿ ಮೊದಲು ಬರುವವಳು ಕಿವುಡಿ ಹೇಗಾಗುತ್ತಾಳೆ ಎಂಬುದು ಅವರ ವಾದ. ರಾಯಚೂರಿನ ಡಾಕ್ಟರು ಹೆಡ್‌ಫೋನು ಹಾಕಿಸಿ ನೋಡಿ, ನರವೇ ಸೋತಿದೆ, ಉಳಿದಷ್ಟೂ ಹೋಗುತ್ತದೆ, ಚಿಕ್ಕಂದಿನಲ್ಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಮಷಿನು ಹಾಕಿಸಿದರು. ಅದರಲ್ಲಿ ನನಗೆ ಕೇಳುತ್ತಿದ್ದುದು ಹಿಟ್ಟಿನ ಗಿರಣಿಯ ಸದ್ದು ಮಾತ್ರ. ಕೆಲವು ದಿನ ಹಾಕಿಕೊಂಡು ಪೆಟ್ಟಿಗೆಯಲ್ಲಿಟ್ಟೆ.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅಮ್ಮಿ ಸರ್ ಹತ್ತಿರ ಒಂದೇ ಒಂದು ಮಾತು ಕೇಳಿದಳು. ಅಮ್ಮಿಗೆ ಓದು ಬರಹ ಬರುತ್ತಿರಲಿಲ್ಲ, ಹಾಗಾಗಿ ಬರೆದು ತೋರಿಸುವ ದಾರಿ ಮುಚ್ಚಿತ್ತು. "ನಾ ಇಕಿ ಜೋಡಿ ಹೆಂಗ ಮಾತಾಡ್ಲಿ?" ಸರ್ ಹೇಳಿದರಂತೆ, "ಮುಖ ಕೊಟ್ಟು ಮಾತಾಡ್ರಿ ಅಮ್ಮಾ. ಮತ್ತ ಬರೇ ಒಂದು ಶಬ್ದ ಅಂದು ಬಿಡಬ್ಯಾಡ್ರಿ. ತುಟಿ ಮ್ಯಾಲ ಒಂದರಂಗ ಇನ್ನೊಂದು ಕಾಣ್ತಾವ. ಪೂರ್ತಿ ವಾಕ್ಯ ಹೇಳ್ರಿ, ಆಕಿ ಹಿಡೀತಾಳ."

ಅಮ್ಮಿಯ ಸ್ವಭಾವ ತಿಳಿದವರಿಗೆ ಗೊತ್ತು, ಅದೆಂಥ ಕಷ್ಟದ ಕೆಲಸ ಅವಳಿಗೆ ಎಂದು. ಅಮ್ಮಿ ಮಿತಮಾತಿನವಳು. 'ನೀರು' ಎಂದರೆ ನೀರು ತಂದು ಕೊಡಬೇಕು, 'ಸಾಕು' ಎಂದರೆ ಜಗಳ ನಿಲ್ಲಿಸಬೇಕು, 'ಏಳು' ಎಂದರೆ ಶಾಲೆಗೆ ಹೊತ್ತಾಗಿದೆ. ಇಡೀ ದಿನ ಹತ್ತಾರು ಒಂಟಿ ಶಬ್ದಗಳಲ್ಲಿ ಸಂಸಾರ ನಡೆಸುತ್ತಿದ್ದವಳು. ಅಂಥವಳು ಮರುದಿನದಿಂದ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಉದ್ದುದ್ದ ವಾಕ್ಯ ಹೇಳತೊಡಗಿದಳು. "ಬ್ಯಾಳಿ ಸಪ್ಪಗ ಅದ, ಅದಕ್ಕ ಹಾಕಬೇಕು, ಆ ಮೂಲ್ಯಾಗ ಇಟ್ಟ ಡಬ್ಬಿ ಒಳಗಿನ ಉಪ್ಪು ತಗೊಂಡು ಬಾ." ಉಪ್ಪು ಎಂಬ ಒಂದು ಶಬ್ದಕ್ಕೆ ಇಷ್ಟು ದೊಡ್ಡ ಮೆರವಣಿಗೆ! ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿಸಿಕೊಂಡು, ಇಷ್ಟು ವರ್ಷ ಬಾಯಿ ಬಿಡದವಳಿಗೆ ಈಗ ಏನಾಯಿತು ಎಂದು ನಗುತ್ತಿದ್ದರಂತೆ. ಅಮ್ಮಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗಿಂತ ಚಿಕ್ಕವನು ನನ್ನ ತಮ್ಮ. ಅವನಿಗೆ ಅಮ್ಮಿ ಎಂದಿನಂತೆ ಒಂಟಿ ಶಬ್ದಗಳಲ್ಲೇ ಮಾತಾಡುತ್ತಿದ್ದಳು. ಅವನಿಗೆ ಕಿವಿ ಇತ್ತಲ್ಲ, ಅಷ್ಟು ಸಾಕಿತ್ತು. ನನಗೆ ಕೂತು ವಾಕ್ಯ ಹೇಳಿ ಹೇಳಿ ದವಡೆ ನೋಯಿಸಿಕೊಂಡವಳು ಅವನ ಕಡೆ ತಿರುಗಿ 'ಉಣ್ಣು' ಎಂದು ಮುಗಿಸಿಬಿಡುತ್ತಿದ್ದಳು. ಅವನು ಉಣ್ಣುತ್ತಿದ್ದ. ನಾವಿಬ್ಬರೂ ಅದರ ಬಗ್ಗೆ ಆಗ ಏನೂ ಯೋಚಿಸಲಿಲ್ಲ.

ಅಮ್ಮಿ ಹೊರಗೆ ಹೋಗುವಾಗ ಬುರ್ಖಾ ತೊಟ್ಟು ಮುಖದ ಮೇಲೆ ನಕಾಬು ಇಳಿಬಿಡುತ್ತಿದ್ದಳು. ಜೀವಮಾನವಿಡೀ ಪಾಲಿಸಿದ ರೂಢಿ. ನನ್ನ ಜೊತೆ ಬಜಾರಿಗೆ ಹೋದಾಗ ಮಾತ್ರ, ಹೇಳುವುದಿದ್ದರೆ ನಕಾಬು ಮೇಲೆತ್ತಿ, ವಾಕ್ಯ ಮುಗಿಸಿ, ಮತ್ತೆ ಇಳಿಸುತ್ತಿದ್ದಳು. ಟೊಮೆಟೊ ಗಾಡಿಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ಜನರ ನಡುವೆ. ಖಾಲಾ ಒಮ್ಮೆ ಇದನ್ನು ನೋಡಿ ಕೆಂಡವಾದಳು. "ನಾಲ್ಕು ಮಂದ್ಯಾಗ ಹಿಂಗ ಮಾಡ್ತಾರೇನು? ಮನಿಗಿ ಹೋಗಿ ಹೇಳು" ಎಂದಳಂತೆ. ಅಮ್ಮಿ ಅಕ್ಕನಿಗೆ ಎಂದೂ ಎದುರಾಡಿದವಳಲ್ಲ. ಅವತ್ತು ಮಾತ್ರ ಹೇಳಿದಳು, "ಮನಿಗಿ ಹೋಗಾ ತನಕ ನನ್ನ ಮಗಳು ಒಬ್ಬಾಕಿನೇ ಇರಬೇಕೇನು?" ಇದನ್ನು ನಾನು ಅವಳ ತುಟಿಯ ಮೇಲೇ ಓದಿದೆ, ಏಕೆಂದರೆ ನಕಾಬು ಇನ್ನೂ ಮೇಲೆಯೇ ಇತ್ತು.

ಇಷ್ಟಾದರೂ ನನ್ನ ಹಳೆಯ ಚಾಳಿ ಬಿಡಲಿಲ್ಲ. ದಣಿದಾಗ, ಬೇಸರವಾದಾಗ, ಅಮ್ಮಿಯ ಮುಂದೆಯೂ ಸುಮ್ಮನೆ ತಲೆ ಆಡಿಸುತ್ತಿದ್ದೆ. ಅವಳಿಗೆ ಗುಮಾನಿ ಬಂತು. ಒಂದು ದಿನ ನನ್ನ ಮುಂದೆ ಕೂತು, ಮುಖ ಬದಲಿಸದೆ, ತುಟಿ ಬಿಗಿಹಿಡಿದು ಏನೋ ಹೇಳಿದಳು. ನಾನು ಹುಬ್ಬೆತ್ತಿ, ನಕ್ಕು, ಹೌ ಹೌ ಎಂದು ತಲೆ ಆಡಿಸಿದೆ. ನಮ್ಮ ಮಾತಿನಲ್ಲಿ ಹೌ ಅಂದರೆ ಹೌದು. ಅಮ್ಮಿಯ ಹಿಂದೆ ನಿಂತಿದ್ದ ತಮ್ಮ ಬಿದ್ದು ಬಿದ್ದು ನಗತೊಡಗಿದ. ಅಮ್ಮಿ ಹೇಳಿದ್ದು ಏನೆಂದರೆ, "ನಾಳೆ ನಿನ್ನ ಗಬ್ಬೂರ ಸಂತಿಗಿ ಒಯ್ದು, ಎತ್ತಿನ ಸಾಲಿನಾಗ ನಿಲ್ಲಿಸಿ ಮಾರಿ ಬರ್ತೀನಿ."

ಅಮ್ಮಿಯೂ ನಕ್ಕಳು. ನಗುತ್ತ ನಗುತ್ತ ಅಳತೊಡಗಿದಳು. ಆಮೇಲೆ ನನ್ನ ಎರಡೂ ಗಲ್ಲ ಹಿಡಿದು, ಒಂದೊಂದೇ ಶಬ್ದ ತುಟಿಯ ಮೇಲೆ ಬಿಡಿಸಿಟ್ಟಳು. "ಊರ ಮಂದಿ ಮುಂದ ಎಷ್ಟಾದ್ರೂ ತಲಿ ಆಡ್ಸು, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಮುಂದ ತಿಳೀದಿದ್ರ ತಿಳೀಲಿಲ್ಲ ಅನ್ನು. ಹತ್ತು ಸಲ ಹೇಳ್ತೀನಿ. ಸಾಯಾ ತನಕ ಹೇಳ್ತೀನಿ." ಅವತ್ತಿನಿಂದ ಅಮ್ಮಿಯ ಮುಂದೆ ನಾನು ಸುಳ್ಳು ತಲೆ ಆಡಿಸಲಿಲ್ಲ. ಲೋಕದಲ್ಲಿ ನನ್ನ ಮುಖ ಸುಳ್ಳು ಹೇಳದ ಜಾಗ ಅದೊಂದೇ ಆಗಿತ್ತು.

ಮುಂದಿನದು ಎಲ್ಲರ ಮನೆಯಂತೆಯೇ. ನಾನು ಡಿಗ್ರಿ ಮುಗಿಸಿದೆ. ನನ್ನ ಮದುವೆಯ ಮಾತು ಬಂದಾಗಲೆಲ್ಲ ಗಂಡಿನ ಕಡೆಯವರು ನನ್ನ ಕಿವಿಯ ಸುದ್ದಿ ತಿಳಿದು ಚಹಾ ಕುಡಿದು ಹೊರಡುತ್ತಿದ್ದರು. ಹೋಗಲಿ ಪೀಡೆ, ಬಿಸ್ಕತ್ತು ಉಳಿಯಿತು ಎಂದು ನಾನು, ತಮ್ಮ ಕೂತು ತಿನ್ನುತ್ತಿದ್ದೆವು. ಅಬ್ಬಾ ತೀರಿಕೊಂಡ ಮೇಲೆ ತಮ್ಮ ರಾಯಚೂರಿನ ಬಜಾರಿನಲ್ಲಿ ಬಳೆ ಅಂಗಡಿ ಹಾಕಿದ. ಎಲ್ಲರೂ ಅಲ್ಲಿಗೇ ಬಂದೆವು. ಮಾನ್ವಿ ಕಡೆಯ ಹುಡುಗಿಯನ್ನು ತಂದುಕೊಂಡ, ತಮ್ಮನ ಹೆಂಡತಿಯಾದರೂ ಅವಳನ್ನು ನಾನು ಭಾಭಿ ಎಂದೇ ಕರೆಯುತ್ತೇನೆ, ಅವಳು ನನ್ನನ್ನು ಆಪಾ ಎನ್ನುತ್ತಾಳೆ. ಮುಂದಿನ ಕೋಣೆಯಲ್ಲಿ ನನ್ನ ಟ್ಯೂಷನ್, ಒಳಗೆ ಅಮ್ಮಿ. ಮಕ್ಕಳು ಹೋದ ಮೇಲೆ ಅಮ್ಮಿ ನನ್ನೆದುರು ಕೂತು ದಿನದ ಸುದ್ದಿಯನ್ನೆಲ್ಲ ವಾಕ್ಯ ವಾಕ್ಯವಾಗಿ ಒಪ್ಪಿಸುತ್ತಿದ್ದಳು. ಯಾರ ಮನೆಯಲ್ಲಿ ಮಗು ಹುಟ್ಟಿತು, ಹೂವಿನವಳು ಭಾಭಿಯ ಜೊತೆ ಏನು ಜಗಳ ತೆಗೆದಳು, ಆಜಾನ್ ಕೂಗುವವರ ಗಂಟಲು ಇವತ್ತು ಹೇಗೆ ಕಟ್ಟಿತ್ತು. ನಾನು ಕೇಳದ ಊರನ್ನು ನನಗೆ ತೋರಿಸಿದವಳು ಅವಳು.

ಹೋದ ವರ್ಷ ಅಮ್ಮಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ಕೂತವಳ ಕೈಯಿಂದ ಲೋಟ ಜಾರಿತು. ನಾನು ಮುಖ ನೋಡಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡು ಹೋಗಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅವಳ ಕೈ ನೋಡುತ್ತಿದ್ದರು, ಕಾಲು ನೋಡುತ್ತಿದ್ದರು, ಬಿ.ಪಿ. ನೋಡುತ್ತಿದ್ದರು. ನಾನೊಬ್ಬಳು ಬಾಯಿ ನೋಡುತ್ತ ನಿಂತಿದ್ದೆ. ಜೀವ ಉಳಿದಿದೆ, ಅಲ್ಲಾಹನ ದಯೆ ಎಂದು ತಮ್ಮ ನನ್ನ ಭುಜ ತಟ್ಟಿದ. ನನ್ನ ಅಮ್ಮಿ ಇದ್ದದ್ದೇ ಆ ತುಟಿಗಳ ಮೇಲೆ ಎಂದು ಅವನಿಗೆ ಹೇಗೆ ಹೇಳಲಿ?

ಮನೆಗೆ ಕರೆತಂದ ಮೇಲೆ ಅಮ್ಮಿಗೆ ಸ್ವಲ್ಪ ಮಾತು ಬಂತು. ತೊದಲು ಮಾತು. ಕಿವಿ ಇದ್ದವರಿಗೆ ಅದು ಹೇಗೋ ತಿಳಿಯುತ್ತಿತ್ತು. ನೀರು, ಸಾಕು, ಫ್ಯಾನು, ಬಾಗಿಲು. ತಮ್ಮ ಪಕ್ಕದ ಕೋಣೆಯಿಂದಲೇ ಕೇಳಿ ನೀರು ತರುತ್ತಿದ್ದ. ಅಮ್ಮಿ ಅವನೊಂದಿಗೆ ಮೊದಲಿನಿಂದಲೂ ಅಷ್ಟೇ ತಾನೇ ಮಾತಾಡುತ್ತಿದ್ದದ್ದು, ಅವನಿಗೆ ದೊಡ್ಡ ವ್ಯತ್ಯಾಸವೇ ಆಗಲಿಲ್ಲ.

ನನಗೆ ಏನೂ ಉಳಿಯಲಿಲ್ಲ. ತುಟಿ ಮುಚ್ಚಿ ತೆರೆಯುವ ಅಕ್ಷರಗಳು, ಪ, ಬ, ಮ, ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವಂಥವು. ಅಮ್ಮಿಯ ತುಟಿಗಳು ಈಗ ಮುಚ್ಚುತ್ತಲೇ ಇರಲಿಲ್ಲ. ಒಂದು ಮೂಲೆ ಕೆಳಗೆ ಜೋತುಬಿದ್ದಿತ್ತು, ಇನ್ನೊಂದು ಮೂಲೆ ತನ್ನ ಪಾಡಿಗೆ ಅಲುಗುತ್ತಿತ್ತು. ಗಂಟೆಗಟ್ಟಲೆ ಎದುರಿಗೆ ಕೂತು ನೋಡಿದೆ. ಹೊಸ ಭಾಷೆ ಕಲಿಯುವವರ ಹಾಗೆ ಕಲಿಯೋಣ ಎಂದುಕೊಂಡೆ. ಮೂರು ಭಾಷೆ ಆ ಬಾಯಿಂದಲೇ ಕಲಿತವಳು ನಾನು, ನಾಲ್ಕನೆಯದು ಹತ್ತಲಿಲ್ಲ.

ಡಾಕ್ಟರು, ಭಾಭಿ ಎಲ್ಲರೂ ಅಮ್ಮಿಗೆ ಹೇಳಿದರು, ಒಂದೊಂದೇ ಶಬ್ದ ಸಾಕು, ಆಯಾಸ ಮಾಡಿಕೊಳ್ಳಬೇಡಿ ಎಂದು. ಉಳಿದವರೊಂದಿಗೆ ಅಮ್ಮಿ ಹಾಗೆಯೇ ಮಾಡಿದಳು. ನಾನು ಎದುರು ಕೂತರೆ ಮಾತ್ರ ಹಟ. ಒಂಟಿ ಶಬ್ದ ಹೇಳುತ್ತಲೇ ಇರಲಿಲ್ಲ. ಸರಿಯಿದ್ದ ಕೈಯಿಂದ ನನ್ನ ಗಲ್ಲ ಹಿಡಿದು, ಉಸಿರು ತುಂಬಿಕೊಂಡು, ಉದ್ದ ವಾಕ್ಯವನ್ನೇ ಹೇಳಲು ಹೊರಡುತ್ತಿದ್ದಳು. ಅಷ್ಟುದ್ದ ತೊದಲಿದರೆ ಕಿವಿ ಇದ್ದವರಿಗೂ ತಿಳಿಯುವುದಿಲ್ಲ ಎಂದು ಭಾಭಿ ನನಗೆ ಹೇಳಿದಳು. 'ನೀರು' ಅಂದರೆ ತಿಳಿಯುತ್ತದೆ, ನಿಮಗಾಗಿ ಅದನ್ನು ಉದ್ದ ಮಾಡಲು ಹೋಗಿ ಎಲ್ಲವೂ ಕಲಸಿಹೋಗುತ್ತದೆ ಎಂದಳು. ನಾನು ಪ್ರತಿ ಸಲ "ತಿಳೀಲಿಲ್ಲ ಅಮ್ಮಿ" ಎನ್ನುತ್ತಿದ್ದೆ. ಅಮ್ಮಿ ಮೊದಲಿನಿಂದ ಶುರು ಮಾಡುತ್ತಿದ್ದಳು. ಸಾಯುವ ತನಕ ಹೇಳುತ್ತೇನೆ ಎಂದವಳಲ್ಲವೇ, ಮಾತು ಉಳಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಬಂದಿದ್ದ. ನಾನು ಅಮ್ಮಿಯ ಮಂಚದ ಪಕ್ಕ ಕೂತು ಅವಳ ತಲೆ ಬಾಚುತ್ತಿದ್ದೆ. ಅಮ್ಮಿ ನನ್ನ ಮಣಿಕಟ್ಟು ಹಿಡಿದಳು. ನಾನು ಎದುರು ಬಂದು ಕೂತೆ. ಅವಳು ಹೇಳತೊಡಗಿದಳು. ಅವತ್ತಿನ ವಾಕ್ಯ ಎಂದಿಗಿಂತ ಉದ್ದವಾಗಿತ್ತು. ನಡುವೆ ನಿಲ್ಲಿಸಿ ಉಸಿರೆಳೆದು ಮತ್ತೆ ಮುಂದುವರಿಸಿದಳು. ಮುಗಿದ ಮೇಲೆ ನನ್ನ ಕಣ್ಣು ನೋಡಿದಳು.

"ತಿಳೀಲಿಲ್ಲ ಅಮ್ಮಿ."

ಮತ್ತೆ ಶುರು ಮಾಡಿದಳು. ಹಣೆಯ ಮೇಲೆ ಬೆವರು ಬಂತು. ಬಾಯ ಮೂಲೆಯಿಂದ ಜೊಲ್ಲು ಇಳಿಯಿತು, ನಾನು ಒರೆಸಿದೆ, ಅವಳು ನನ್ನ ಕೈ ಆಚೆ ಸರಿಸಿದಳು, ತುಟಿಗೆ ಅಡ್ಡ ಬರಬಾರದೆಂದು. ನಾನು ಒಂದು ಶಬ್ದವನ್ನಾದರೂ ಹಿಡಿಯಲು ಕಣ್ಣು ಕಿತ್ತುಹೋಗುವಷ್ಟು ನೋಡಿದೆ. ಒಂದು ಶಬ್ದ ಸಿಕ್ಕರೆ ಅದರ ಸುತ್ತ ಉಳಿದದ್ದನ್ನು ಕಟ್ಟಬಲ್ಲೆ, ಅದು ನನ್ನ ಹೊಟ್ಟೆಪಾಡಿನ ವಿದ್ಯೆ. ಒಂದೂ ಸಿಗಲಿಲ್ಲ.

"ತಿಳೀಲಿಲ್ಲ ಅಮ್ಮಿ. ಬಿಡು, ಆಮ್ಯಾಲ ಹೇಳು."

ಬಿಡಲಿಲ್ಲ. ಮತ್ತೆ ಶುರು ಮಾಡಿದಳು. ಅವಳ ಎದೆ ಏರಿಳಿಯುವುದು ನೋಡಿ ನನಗೆ ಹೆದರಿಕೆಯಾಯಿತು. ಭಾಭಿ ಬಂದು ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. "ಆಪಾ, ಹೌ ಅಂದುಬಿಡ್ರಿ. ನಿಮ್ಮ ಕಾಲು ಬೀಳ್ತೀನಿ. ಅವರ ಜೀವಕ್ಕ ಆಗವಲ್ದು."

ನಾನು ಅಮ್ಮಿಯ ಕಡೆ ತಿರುಗಿದೆ. ಹುಬ್ಬೆತ್ತಿದೆ. ನಕ್ಕೆ. ಹೌ, ಹೌ ಎಂದು ತಲೆ ಆಡಿಸಿದೆ.

ಅಮ್ಮಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ಸಡಿಲವಾಯಿತು. ದಿಂಬಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಹೇಳಬೇಕಾದ್ದನ್ನು ಹೇಳಿ ಮುಗಿಸಿದವಳ ಹಾಗೆ ಮುಖ ಹಗುರಾಗಿತ್ತು. ಅವಳು ನಂಬಿದಳೋ, ನನ್ನ ಮೇಲಿನ ಕರುಣೆಗೆ ನಂಬಿದ ಹಾಗೆ ಮಾಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಲೆ ಆಡಿಸುವ ಹೊತ್ತಿಗೆ ತಮ್ಮ ತಾಟು ಹಿಡಿದು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅಮ್ಮಿ ಏಳಲಿಲ್ಲ.

ಮೂರನೆಯ ದಿನ ಗೋರಿಯ ಹತ್ತಿರ ಜಿಯಾರತ್ ಪ್ರಾರ್ಥನೆ ಮುಗಿಸಿ ನೆಂಟರೆಲ್ಲ ಹೊರಟುಹೋದರು. ಖಾಲಾಳನ್ನು ಮಾನ್ವಿಯ ಬಸ್ಸು ಹತ್ತಿಸಿ ಬಂದ ತಮ್ಮ ನನ್ನೆದುರು ನೆಲದ ಮೇಲೆ ಕೂತ. ನನ್ನೊಂದಿಗೆ ಅವನು ಮಾತಾಡುವುದು ಕಡಿಮೆ, ಬಾಯಿ ತೆರೆದು ಹೇಳುವಷ್ಟು ಪುರುಸೊತ್ತು ಅವನಿಗೆ ಎಂದೂ ಇರಲಿಲ್ಲ. ಅವತ್ತು ಮುಖ ಕೊಟ್ಟು, ತುಟಿ ಬಿಡಿಸಿ, ನಿಧಾನವಾಗಿ ಕೇಳಿದ.

"ಆಪಾ, ಅಮ್ಮಿ ಅವತ್ತು ನಿನಗ ಏನು ಹೇಳಿದ್ಲು?"

ನಾನು ಮಂಚದ ಕಡೆ ತಿರುಗಿದರೆ ಅವನು ಮೊಣಕಾಲು ತಟ್ಟಿ ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

"ನನಗ ಜೀವಮಾನ ಪೂರ್ತಿ ಉಣ್ಣು, ಸಾಕು, ಏಳು, ಇಷ್ಟೇ ಅಂದಾಳ. ಕಡೀಕೂ ನನಗಂದಿದ್ದು ಒಂದೇ ಮಾತು, ನೀರು. ನಿನಗ ಅಷ್ಟುದ್ದ ಹೇಳಿದ್ಲು. ಅದರಾಗ ನನ್ನ ಬಗ್ಗೆ ಏನರ ಇತ್ತೇನು? ಇದ್ರ ಹೇಳು. ಇರದಿದ್ರೂ ಹೇಳು."

ನನ್ನ ತಮ್ಮನಿಗೆ ಇಂಥದ್ದೊಂದು ಹಸಿವು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಿವಿ ಇದ್ದವನು, ಅವನಿಗೇನು ಕಡಿಮೆ ಎಂದುಕೊಂಡಿದ್ದೆ. ಏನಾದರೂ ಕಟ್ಟಿ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲು ಹೇಳಿದಳು, ನಿನಗೆ ದುವಾ ಮಾಡಿದಳು, ಹೀಗೆ ಏನೋ ಒಂದು. ಅಮ್ಮಿಯ ಬಾಯಲ್ಲಿ ನನ್ನ ಮಾತು ಇಡಲು ಮನಸ್ಸು ಬರಲಿಲ್ಲ.

"ನನಗ ತಿಳೀಲಿಲ್ಲೋ" ಎಂದೆ. "ಒಂದು ಶಬ್ದನೂ ತಿಳೀಲಿಲ್ಲ. ಆಕಿಗಿ ದಣಿವಾಗ್ತದ ಅಂತ ಸುಮ್ನ ತಲಿ ಆಡಿಸ್ದೆ."

ಅವನು ನನ್ನನ್ನು ನೋಡಿದ. ಆ ನೋಟ ಓದಲು ತುಟಿ ಬೇಕಿರಲಿಲ್ಲ.

"ಆ ಗಬ್ಬೂರ ಸಂತಿ ಮಾತಿನ ಮ್ಯಾಲ ನೀ ಅಮ್ಮಿ ಮುಂದ ಎಂದೂ ಸುಳ್ಳು ತಲಿ ಆಡ್ಸಿಲ್ಲ. ನನಗ ಗೊತ್ತಿಲ್ಲೇನು? ನೀ ಹೌ ಅಂದಿದ್ದು ನಾ ಕಣ್ಣಾರೆ ನೋಡೀನಿ. ಹೇಳಾಕ ಮನಸಿಲ್ಲಂದ್ರ ಮನಸಿಲ್ಲ ಅನ್ನು."

ನಾನು ಆಣೆ ಮಾಡಿದೆ. ಭಾಭಿಯ ಕಡೆ ಕೈ ತೋರಿಸಿ, ಅವಳನ್ನು ಕೇಳು, ಅವಳೇ ಹೌ ಅನ್ನು ಎಂದಳು ಎಂದೆ. ಭಾಭಿ ಅಳುತ್ತಾ ಅವನಿಗೆ ಏನೇನೋ ವಿವರಿಸಿದಳು. ಅವನು ತಲೆ ಬಗ್ಗಿಸಿಕೊಂಡು ಕೂತಿದ್ದ. ನಂಬಲಿಲ್ಲ. ಎದ್ದು ನಿಂತ, ಚಪ್ಪಲಿ ಮೆಟ್ಟಿಕೊಂಡ, ಬಾಗಿಲ ಕಡೆ ತಿರುಗಿದ. ಹೊಸ್ತಿಲ ಹತ್ತಿರ ನಿಂತು ಬೆನ್ನು ನನ್ನ ಕಡೆಗಿರುವಾಗಲೇ ಏನೋ ಹೇಳಿದ. ಕುತ್ತಿಗೆಯ ನರ ಅಲುಗಿದ್ದು ಕಂಡಿತು, ಭಾಭಿ ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡದ್ದೂ ಕಂಡಿತು.

ಅವನು ಹೊರಟುಹೋದ ಮೇಲೆ ನಾನು ಭಾಭಿಯನ್ನು ಹಿಡಿದು ನನ್ನ ಕಡೆ ತಿರುಗಿಸಿಕೊಂಡು, ಅವನು ಏನೆಂದ ಎಂದು ಕೇಳಿದೆ.

"ಏನಿಲ್ಲ ಆಪಾ" ಎಂದಳು. "ಏನೂ ಅನ್ನಲಿಲ್ಲ ಬಿಡ್ರಿ."